ಬೀದಿಯಲ್ಲಿ ಮಲಗಿದವರ ಮೇಲೆ ನೀರೆರಚಬೇಡಿರಿ



ಉಣ್ಣುತ್ತಿರುವವನನ್ನೂ ಮಲಗಿರುವವನನ್ನೂ ಎಬ್ಬಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅನ್ನದಂತೆ ನಿದ್ರೆಯೂ ಭಗವಂತನು ಜೀವಿಗಳಿಗೆ ದಯಪಾಲಿಸಿದ್ದು. ನಿದ್ರೆಗೆ ಜಾರಿದವನು ತನ್ನ ಪ್ರಾಣವನ್ನು ಸುತ್ತಲಿನವರ ಧರ್ಮಬುದ್ಧಿಗೆ ಒಪ್ಪಿಸಿ ಮಲಗಿರುತ್ತಾನೆ. ಮಹಾಭಾರತದ ಸೌಪ್ತಿಕ ಪರ್ವದ ಕಥೆಯನ್ನು ಪುರಾಣ ಪ್ರವಚನಗಳಲ್ಲಿ, ಬಯಲಾಟಗಳಲ್ಲಿ ನೀವು ಕೇಳಿರುತ್ತೀರಿ. ದ್ರೋಣಪುತ್ರನಾದ ಅಶ್ವತ್ಥಾಮನು ನಡುರಾತ್ರಿಯಲ್ಲಿ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದನು. ರಣರಂಗದಲ್ಲಿ ಕೊಂದಿದ್ದರೆ ವೀರನೆನಿಸುತ್ತಿದ್ದ. ಮಲಗಿದವರ ಮೇಲೆ ಕೈಮಾಡಿ ಪಾಪಿಯಾದ. ಅವನಿಗೆ ಸಿಕ್ಕ ಶಾಪವಾದರೂ ಎಂಥದು? ಮೂರು ಸಾವಿರ ವರ್ಷ ಯಾರ ಆಸರೆಯೂ ಇಲ್ಲದೆ, ಮೈತುಂಬ ಹುಣ್ಣು ಹೊತ್ತು, ಒಬ್ಬನೇ ಅಲೆಯಬೇಕೆಂಬ ಶಾಪ. ನೆಲೆಯಿಲ್ಲದೆ ಅಲೆಯುವುದು ಸಾವಿಗಿಂತ ಘೋರವೆಂಬುದನ್ನು ವ್ಯಾಸಮುನಿಗಳು ಅರಿತಿದ್ದರು.

ಆ ಘೋರವನ್ನು ಯಾವ ಪಾಪವನ್ನೂ ಮಾಡದೆ ಅನುಭವಿಸುತ್ತಿರುವ ಜನರು ಇಂದು ನಮ್ಮ ಊರುಗಳಲ್ಲಿಯೇ ಇದ್ದಾರೆ. ಬಸ್ ನಿಲ್ದಾಣದ ಮೂಲೆಯಲ್ಲಿ, ಸಂತೆಯ ಕಟ್ಟೆಯ ಮೇಲೆ, ಮುಚ್ಚಿದ ಅಂಗಡಿಗಳ ಮುಂದೆ ಗೋಣಿಚೀಲ ಹಾಸಿ ಮಲಗುತ್ತಾರೆ. ಬೆಳಗಾಗುವುದರೊಳಗೆ ಅವರನ್ನು ಎಬ್ಬಿಸುವ ಬಗೆಯೇ ಬೇರೆ. ಒಬ್ಬರು ಕೊಡ ನೀರು ಸುರಿಯುತ್ತಾರೆ, ಇನ್ನೊಬ್ಬರು ಕಾಲಿನಿಂದ ತಿವಿಯುತ್ತಾರೆ. ಹರಕು ಕಂಬಳಿಯನ್ನು ಎಳೆದು ಗಟಾರಿಗೆ ಎಸೆಯುವವರೂ ಉಂಟು. ಕುಡಿದ ಮತ್ತಿನಲ್ಲಿ ಅವರನ್ನು ಕೆಣಕಿ, ಅವರು ಬೈಯುವುದನ್ನು ಮೊಬೈಲಿನಲ್ಲಿ ಹಿಡಿದು ನಾಲ್ಕು ಜನರಿಗೆ ತೋರಿಸಿ ನಗುವುದು ಈಗಿನ ಹುಡುಗರ ಹೊಸ ಆಟ. ನೋಡುತ್ತ ನಿಂತ ಹಿರಿಯರು ಒಂದು ಮಾತು ಆಡದಿದ್ದರೆ, ಆ ಮೌನವನ್ನು ಹುಡುಗರು ಒಪ್ಪಿಗೆಯೆಂದೇ ತಿಳಿಯುತ್ತಾರೆ.

ಹೀಗೆ ಮಲಗಿರುವವರು ಯಾರು? ಎಲ್ಲರೂ ಭಿಕ್ಷುಕರಲ್ಲ. ಹಗಲೆಲ್ಲ ಮೂಟೆ ಹೊತ್ತ ಹಮಾಲಿ ಇರಬಹುದು, ಕೂಲಿ ಅರಸಿ ಬಂದವನಿರಬಹುದು. ಎತ್ತಿನ ಮೇಲೆ ಕುಳಿತು ಬಂದು ನಿಮ್ಮ ಮನೆತನದ ವಂಶಾವಳಿಯನ್ನು ಒಪ್ಪಿಸುವ ಹೆಳವನಿರಬಹುದು. ಚಿತ್ತ ಕದಡಿ ಮನೆಯ ದಾರಿ ಮರೆತ ತಾಯಿ ಇರಬಹುದು. ಹೊಲವನ್ನು ಮಗನ ಹೆಸರಿಗೆ ಬರೆದುಕೊಟ್ಟು, ಅದೇ ಮಗನಿಂದ ಹೊರಬಿದ್ದ ತಂದೆ ಇರಬಹುದು. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರೆಂದು ಬರೆದುಕೊಂಡವರ ಸಂಖ್ಯೆಯೇ 17 ಲಕ್ಷ 70 ಸಾವಿರವನ್ನು ದಾಟಿತ್ತು. ಅವರಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರಿದೆ, ಹೆತ್ತ ತಾಯಿಯೊಬ್ಬಳಿದ್ದಳು.

ಮೊದಲು ನಮ್ಮ ಹಳ್ಳಿಗಳಲ್ಲಿ ಪರಸ್ಥಳದವನು ಬೀದಿಯಲ್ಲಿ ಮಲಗುವ ಪ್ರಸಂಗವೇ ವಿರಳವಾಗಿತ್ತು. ಪ್ರತಿ ಮನೆಯ ಮುಂದೆ ಎರಡು ಬದಿಗೆ ಕಟ್ಟೆಗಳಿರುತ್ತಿದ್ದವು. ಅಗಸೆ ಬಾಗಿಲಿನ ಕೆಳಗೆ, ಚಾವಡಿಯಲ್ಲಿ, ಗುಡಿಯ ಪೌಳಿಯಲ್ಲಿ, ಮಠದ ಪಡಸಾಲೆಯಲ್ಲಿ ದಾರಿಹೋಕನು ಒರಗಿಕೊಂಡರೆ ಯಾರೂ ಜಾತಿ ಕೇಳದೆ ಇರುತ್ತಿರಲಿಲ್ಲ ನಿಜ. ಆದರೂ ಒಂದು ರೊಟ್ಟಿ, ಒಂದು ತಂಬಿಗೆ ನೀರು ಸಿಗುತ್ತಿತ್ತು. ಈಗ ಕಟ್ಟೆ ಒಡೆದು ಕಂಪೌಂಡು ಕಟ್ಟಿದ್ದೇವೆ. ಪಡಸಾಲೆಗೆ ಕಬ್ಬಿಣದ ಜಾಳಿಗೆ ಬಂದಿದೆ, ಗುಡಿಗೆ ಬೀಗ ಬಿದ್ದಿದೆ. ಮಲಗುವ ಜಾಗವನ್ನೆಲ್ಲ ನಾವೇ ಕಸಿದುಕೊಂಡು, ಬೀದಿಯಲ್ಲಿ ಏಕೆ ಮಲಗಿದೆ ಎಂದು ಅವನನ್ನು ಒದೆಯುವುದು ಯಾವ ನ್ಯಾಯ?

ಈ ಸೀಮೆಯ ಕೀರ್ತಿಯನ್ನು ಸ್ವಲ್ಪ ನೆನೆಯಿರಿ. ಹಿರೇಕೆರೂರು ಸೀಮೆಯ ಅಬಲೂರಿನ ಹೆಸರು ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡಿದೆ. ಅವನಿಗೆ ಮನೆ ಎಲ್ಲಿತ್ತು? ಊರೂರು ತಿರುಗಿ, ತಿರಿದು ಉಂಡು, ಕಂಡವರ ಕಟ್ಟೆಯ ಮೇಲೆ ರಾತ್ರಿ ಕಳೆದು, ಲೋಕಕ್ಕೆ ತ್ರಿಪದಿಗಳನ್ನು ಕೊಟ್ಟವನೆಂದು ನಾಡು ನಂಬಿದೆ. 2009ರ ಆಗಸ್ಟ್ ತಿಂಗಳಲ್ಲಿ ಚೆನ್ನೈ ನಗರದಲ್ಲಿಯೂ ಅವನ ಪ್ರತಿಮೆ ನಿಂತಿತು. ಇನ್ನು ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ನಾಯಕತನವನ್ನು ತೊರೆದು, ಹರಿದಾಸರಾಗಿ ಊರೂರು ಅಲೆದರು. ಅವರ ಜಯಂತಿಯ ದಿನ ಮೆರವಣಿಗೆ ತೆಗೆಯುತ್ತೇವೆ. ಅಂಥವರೇ ಇಂದು ಹರಕು ಬಟ್ಟೆಯಲ್ಲಿ ಬಂದು ನಮ್ಮ ಅಂಗಡಿಯ ಮುಂದೆ ಮಲಗಿದರೆ ಗುರುತು ಹಿಡಿಯುವವರು ಯಾರು? ಕಾವಿಯ ಜೋಳಿಗೆಗೆ ಕೈಮುಗಿಯುವ ಭಕ್ತನು ಹರಕು ಜೋಳಿಗೆಯನ್ನು ಕಾಲಿನಿಂದ ಸರಿಸಿದರೆ, ಅವನ ಭಕ್ತಿ ಬಟ್ಟೆಯ ಬಣ್ಣಕ್ಕೆ ಸಂದಿತೇ ಹೊರತು ಶಿವನಿಗೆ ಸಲ್ಲಲಿಲ್ಲ. ಜಂಗಮವೆಂದರೆ ಚಲಿಸುವುದು. ಚಲಿಸುವವರನ್ನು ಗೌರವಿಸಿದ ಪರಂಪರೆ ನಮ್ಮದು.

ಹಾನಗಲ್ಲಿನ ಮಾತನ್ನೂ ಹೇಳಬೇಕು. ಕಾಡಶೆಟ್ಟಿಹಳ್ಳಿಯ ಬಡ ಮನೆಯಲ್ಲಿ 1892ರಲ್ಲಿ ಒಂದು ಕೂಸು ಹುಟ್ಟಿತು. ಕಣ್ಣಿರಲಿಲ್ಲ, ಅಣ್ಣನಿಗೂ ಕಣ್ಣಿರಲಿಲ್ಲ. ಅಂದಿನ ಲೋಕದ ಕಣ್ಣಿನಲ್ಲಿ ಅಂಥ ಮಕ್ಕಳಿಗೆ ಉಳಿದಿದ್ದ ದಾರಿ ಭಿಕ್ಷೆಯೊಂದೇ. ಹಾನಗಲ್ಲ ಕುಮಾರ ಶಿವಯೋಗಿಗಳು ಆ ಬಾಲಕರನ್ನು ಬರಮಾಡಿಕೊಂಡು, ಆಶ್ರಯವಿತ್ತು, ಸಂಗೀತ ಕಲಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ತಾವು ಪಡೆದ ಆಶ್ರಯವನ್ನು ಅವರು ಸಾವಿರ ಮಡಿಯಾಗಿ ಹಿಂದಿರುಗಿಸಿದರು. ಊರೂರು ತಿರುಗುವ ಸಂಚಾರಿ ಪಾಠಶಾಲೆಯಾಗಿ ಆರಂಭವಾಗಿ ಗದುಗಿನಲ್ಲಿ ನೆಲೆನಿಂತ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರು, ಅನಾಥರು ಜಾತಿಮತಗಳ ಭೇದವಿಲ್ಲದೆ ಉಂಡು, ಮಲಗಿ, ವಿದ್ಯೆ ಕಲಿತರು. ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ದಾಸೋಹವನ್ನು ನಡೆಸಿದರು. ಒಂದು ದಿನ ಒಬ್ಬ ಮಹನೀಯರು ಇಬ್ಬರು ಬಡ ಮಕ್ಕಳ ಕೈ ಹಿಡಿದದ್ದರಿಂದ ನೂರು ವರ್ಷ ನಾಡಿಗೆ ಬೆಳಕಾಯಿತು.

ಸವಣೂರಿನಲ್ಲಿ ನೆನಪಿಡಬೇಕಾದ ಸಂಗತಿಗಳು ಎರಡು. ಮೊದಲನೆಯದು ಅಲ್ಲಿಯ ದೊಡ್ಡ ಹುಣಸೆ ಮರಗಳು. ಅವುಗಳ ಕುಲದ ಮೂಲ ಆಫ್ರಿಕಾ ಖಂಡ. ಎಲ್ಲಿಂದಲೋ ಬಂದ ಮರವನ್ನು ಊರು ತನ್ನದೆಂದುಕೊಂಡು ಶತಮಾನಗಳ ಕಾಲ ಪೂಜಿಸಿತು. 2023ರ ಜುಲೈ ತಿಂಗಳಲ್ಲಿ ಅವುಗಳಲ್ಲೊಂದು ಮಳೆಗೆ ಉರುಳಿದಾಗ ಜನರು ಮರುಗಿದರು. ಅದನ್ನು ಮತ್ತೆ ನೆಟ್ಟು ನಿಲ್ಲಿಸಲಾಯಿತು. ಬಿದ್ದ ಮರವನ್ನು ಎತ್ತಿ ನಿಲ್ಲಿಸಬಲ್ಲ ಕರುಣೆ ನಮ್ಮ ಜನರಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದನ್ನು ಬರೆಯುವಾಗ ಕೈ ನಡುಗುತ್ತದೆ. ಅದೇ ಸವಣೂರಿನಲ್ಲಿ, 2010ರ ಜುಲೈ ತಿಂಗಳಲ್ಲಿ, ತಲೆಮಾರುಗಳಿಂದ ಊರಿನ ಮಲವನ್ನು ತಲೆಯ ಮೇಲೆ ಹೊತ್ತ ಕುಟುಂಬಗಳ ಜನರು ಪುರಸಭೆಯ ಎದುರು ನಿಂತು ಅದೇ ಮಲವನ್ನು ಮೈಮೇಲೆ ಸುರಿದುಕೊಂಡರು. ತಾವು ಬಹುಕಾಲದಿಂದ ಬಾಳಿದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಾರೆಂಬ ಸಂಕಟ ಅವರನ್ನು ಅಲ್ಲಿಗೆ ತಂದಿತ್ತು. ನಾಡೆಲ್ಲ ತಲೆತಗ್ಗಿಸಿತು. ಬೀದಿಗೆ ಬೀಳುವ ಭಯ ಎಷ್ಟು ದೊಡ್ಡದೆಂದರೆ, ಅದರ ಮುಂದೆ ಮನುಷ್ಯನಿಗೆ ತನ್ನ ಮೈಯ ಮಾನವೂ ಚಿಕ್ಕದಾಗಿ ಕಾಣುತ್ತದೆ. ಇಂದು ಬೀದಿಯಲ್ಲಿ ಮಲಗಿರುವವರು ಆ ಭಯವನ್ನು ದಾಟಿ, ಬಿದ್ದೇ ಹೋದವರು. ಅವರಿಗೆ ಕೂಗಲು ಧ್ವನಿಯೂ ಉಳಿದಿರುವುದಿಲ್ಲ.

ಅಪರಿಚಿತರನ್ನು ಕಂಡರೆ ಮಕ್ಕಳ ಕಳ್ಳರೆಂದು ಗುಲ್ಲೆಬ್ಬಿಸುವ ರೋಗವೂ ಹಬ್ಬಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದವನೊಬ್ಬನನ್ನು, ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಜನರು ಗುಂಪುಗೂಡಿ ಹೊಡೆದು ಕೊಂದರು. ಇಬ್ಬರೂ ಮಕ್ಕಳ ಕಳ್ಳರಾಗಿರಲಿಲ್ಲ. ಮೊಬೈಲಿನಲ್ಲಿ ಹಾರಿ ಬಂದ ಸುಳ್ಳು ಎರಡು ಮನೆಗಳ ದೀಪ ಆರಿಸಿತು. ಅನುಮಾನ ಬಂದರೆ 112ಕ್ಕೆ ಫೋನು ಮಾಡಿರಿ. ಶಿಕ್ಷಿಸುವ ಅಧಿಕಾರ ನಿಮ್ಮ ಕೈಗೆ ಯಾರೂ ಕೊಟ್ಟಿಲ್ಲ.

ಸರ್ಕಾರ ನೋಡಿಕೊಳ್ಳಲಿ ಎಂದು ಕೆಲವರು ಹೇಳುತ್ತಾರೆ. ಸರ್ಕಾರಕ್ಕೂ ಹೊಣೆಯುಂಟು. ನಿಮ್ಮ ಮನೆ ತೆರಿಗೆಯ ರಸೀದಿಯನ್ನು ತೆಗೆದು ನೋಡಿರಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ತೆರಿಗೆಯ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನು ಪುರಸಭೆ, ಪಂಚಾಯತಿಗಳು ವಸೂಲು ಮಾಡುತ್ತವೆ. ಸಾವಿರ ರೂಪಾಯಿ ತೆರಿಗೆ ಕಟ್ಟಿದವನು ಮೂವತ್ತು ರೂಪಾಯಿಯನ್ನು ನಿರ್ಗತಿಕರ ಪಾಲನೆಗೆಂದು ಕೊಟ್ಟಿದ್ದಾನೆ. ಆ ಹಣ ಎಲ್ಲಿಗೆ ಹೋಯಿತು, ಯಾರ ಹೊಟ್ಟೆ ತುಂಬಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಹಕ್ಕು ಹಿರಿಯರಿಗಿದೆ. ಆದರೆ ಹಿಡಿದು ವಾಹನಕ್ಕೆ ಏರಿಸಿ ದೂರಕ್ಕೆ ಸಾಗಿಸಿದರೆ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. 2010ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿರಾಶ್ರಿತರು ಅಸುನೀಗಿದರು. ಕಣ್ಣಿಗೆ ಮರೆಯಾದವರು ಕ್ಷೇಮವಾಗಿದ್ದಾರೆಂಬ ಭರವಸೆಯಿಲ್ಲ.

ನಗರದ ನಿರ್ವಸಿತರಿಗೆ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ರಾತ್ರಿ ಆಶ್ರಯವಿರಬೇಕೆಂಬ ಅಳತೆಯೊಂದಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಪಟ್ಟಣಗಳಲ್ಲಿ ಯಾವುದೂ 2011ರ ಜನಗಣತಿಯಲ್ಲಿ ಅರ್ಧ ಲಕ್ಷವನ್ನೂ ಮುಟ್ಟಿರಲಿಲ್ಲ. ದೊಡ್ಡ ಊರಿನ ಅಳತೆಗೋಲು ಚಿಕ್ಕ ಊರಿನ ಬಡವನನ್ನು ಮುಟ್ಟುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಊರವರೇ ಕೈಹಚ್ಚಬೇಕು.

ಮಾಡಬೇಕಾದದ್ದು ಕಠಿಣವಲ್ಲ. ಅಂಗಡಿ ತೆರೆಯುವ ಮುನ್ನ ಮಲಗಿದವನನ್ನು, ಅಣ್ಣಾ, ಬೆಳಗಾಯಿತು ಏಳು ಎಂದು ಮಾತಿನಿಂದ ಎಬ್ಬಿಸಿರಿ. ಹೆಸರು, ಊರು ಕೇಳಿರಿ. ಚಿತ್ತಸ್ವಾಸ್ಥ್ಯ ಕಳೆದುಕೊಂಡವರಾಗಿದ್ದರೆ ಪೊಲೀಸರಿಗೆ ತಿಳಿಸಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಂಥವರಿಗೆ ರಕ್ಷಣೆ ಕೊಟ್ಟು 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು, ಅವರ ಮನೆಯವರನ್ನು ಹುಡುಕುವುದು ಪೊಲೀಸರ ಕರ್ತವ್ಯ, ಲಾಕಪ್ಪಿನಲ್ಲಿ ಇಡುವಂತಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ, ಈ ಕಾಯಿಲೆಗೆ ಮದ್ದಿದೆ. ಮಕ್ಕಳು ಹೊರಹಾಕಿದ ವೃದ್ಧರಾಗಿದ್ದರೆ 14567ಕ್ಕೆ ಕರೆ ಮಾಡಿರಿ. 2007ರ ಕಾಯ್ದೆಯಂತೆ ಹೆತ್ತವರನ್ನು ಬೀದಿಪಾಲು ಮಾಡಿದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಜೀವನಾಂಶ ಕೇಳುವ ಅರ್ಜಿಯನ್ನು ಉಪವಿಭಾಗಾಧಿಕಾರಿಗಳು ವಿಚಾರಣೆ ಮಾಡುತ್ತಾರೆ. ಅವರ ಕಚೇರಿ ಸವಣೂರಿನಲ್ಲಿಯೂ ಇದೆ.

ಮಠಮಾನ್ಯಗಳಿಗೆ, ಗುಡಿಯ ಟ್ರಸ್ಟಿನವರಿಗೆ ನಾವು ಹೇಳುವುದಿಷ್ಟು: ಆಷಾಢದ ಮಳೆಯಲ್ಲಿ, ಮಾಗಿಯ ಚಳಿಯಲ್ಲಿ ಪಡಸಾಲೆಯ ಒಂದು ಭಾಗಕ್ಕೆ ಬೀಗ ಹಾಕಬೇಡಿರಿ. ಒಂದು ಚಾಪೆ, ಒಂದು ಕಂಬಳಿ, ಒಂದು ದೀಪ, ಕುಡಿಯುವ ನೀರು ಇರಲಿ. ಕಳ್ಳತನದ ಭಯವಿದ್ದರೆ ಗರ್ಭಗುಡಿಗೆ ಬೀಗವಿರಲಿ. ಬಯಲಿನಲ್ಲಿ ಮಲಗುವವನು ದೇವರ ಒಡವೆಯನ್ನು ಕೇಳುತ್ತಿಲ್ಲ. ಮಳೆ ಬೀಳದ ಆರಡಿ ನೆಲವನ್ನು ಬೆಳಗಿನವರೆಗೆ ಕೇಳುತ್ತಿದ್ದಾನೆ. ಆ ಆರಡಿಯನ್ನು ನಾವು ಬದುಕಿದ್ದಾಗ ಕೊಡದೆ, ಸತ್ತ ಮೇಲೆ ಅನಾಥ ಶವವೆಂದು ಪುರಸಭೆಯವರು ಕೊಡುವಂತಾದರೆ ಊರಿಗೆ ಶ್ರೇಯಸ್ಸಿಲ್ಲ.

ಮನೆಯ ಹಿರಿಯರು ಇಂದು ರಾತ್ರಿ ಮೊಮ್ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅಶ್ವತ್ಥಾಮನ ಕಥೆಯನ್ನು ಹೇಳಿರಿ. ಕಲ್ಲೆಸೆಯುವ ಹುಡುಗನ ಕೈಯನ್ನು ಹಿಡಿದು ನಿಲ್ಲಿಸಬೇಕಾದದ್ದು ಅಜ್ಜನ ಕೈಯೇ. ನೆಲೆಯಿಲ್ಲದವರಿಗೆ ನೆಲೆಯಾಗುವ ಬುದ್ಧಿಯನ್ನು ಪರಶಿವನು ಎಲ್ಲರಿಗೂ ಅನುಗ್ರಹಿಸಲಿ, ಸಕಲರಿಗೂ ಸನ್ಮಂಗಳವಾಗಲಿ ಎಂದು ಹಾರೈಸುತ್ತೇವೆ.