ಕಸ ಬೀಳುವವರೆಗೆ ಕಾಯದಿರಿ: ಕರುವಿಗೆ ಮೊದಲ ಗಂಟೆಯಲ್ಲೇ ಗಿಣ್ಣು ಹಾಲು
(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಹಸು ಕರು ಹಾಕಿದ ಮೇಲೆ ಕಸ (ಮಾಸು) ಬೀಳುವವರೆಗೆ ಕರುವಿಗೆ ಹಾಲು ಕುಡಿಸಬಾರದೆಂಬ ನಂಬಿಕೆ ಹಲವು ಗ್ರಾಮಗಳಲ್ಲಿ ಇಂದಿಗೂ ಉಳಿದಿದೆ. ಕಸ ಬೀಳಲು 8ರಿಂದ 12 ಗಂಟೆಗಳು ಹಿಡಿಯಬಹುದು. ಅಷ್ಟು ಹೊತ್ತು ಹಸಿದಿದ್ದ ಕರು ಆ ದಿನ ಬದುಕಿ ಉಳಿದರೂ ಮುಂದಿನ ವಾರಗಳಲ್ಲಿ ಭೇದಿ, ನ್ಯುಮೋನಿಯಾಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಈ ನಷ್ಟವನ್ನು ಯಾವ ಖರ್ಚೂ ಇಲ್ಲದೆ ತಡೆಯಬಹುದಾಗಿದೆ.

ಕಾರಣವೇನು?

ಗರ್ಭದಲ್ಲಿರುವಾಗ ತಾಯಿಯ ರಕ್ತದಲ್ಲಿನ ರೋಗನಿರೋಧಕ ಅಂಶಗಳು ಕರುವಿಗೆ ದಾಟುವುದಿಲ್ಲ. ಅವು ಕರುವಿಗೆ ದೊರೆಯುವುದು ಗಿಣ್ಣು ಹಾಲಿನಿಂದ ಮಾತ್ರ. ಈ ಅಂಶಗಳನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಕೂಡಲೇ ಅತಿ ಹೆಚ್ಚಾಗಿದ್ದು, ಗಂಟೆಗಂಟೆಗೂ ಕುಗ್ಗುತ್ತಾ ಸುಮಾರು 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಮೊದಲ ಗಂಟೆಯಲ್ಲಿ, ತಡವಾದರೂ ಎರಡು ಗಂಟೆಯೊಳಗೆ, ಗಿಣ್ಣು ಕುಡಿಸಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್ ಅಗತ್ಯ. ಕರುವಿನ ಪಾಲು ಸಂದ ಬಳಿಕ ಉಳಿದುದನ್ನು ಮನೆಯವರು ಬಳಸಬಹುದು. ಕರು ಮೊಲೆ ಚೀಪುವಾಗ ತಾಯಿಯ ಗರ್ಭಕೋಶ ಸಂಕುಚಿಸುವುದರಿಂದ ಕಸ ಬೀಳಲು ನೆರವೇ ಆಗುತ್ತದೆ.

ಕರುವಿನ ಆರೈಕೆ

ಮೂಗು, ಬಾಯಿಯ ಲೋಳೆಯನ್ನು ಶುಭ್ರ ಬಟ್ಟೆಯಿಂದ ಒರೆಸಿ, ತಾಯಿ ನೆಕ್ಕಲು ಬಿಡಬೇಕು. ಹೊಕ್ಕುಳ ಬಳ್ಳಿಯನ್ನು ಹೊಟ್ಟೆಯಿಂದ ಎರಡು ಅಂಗುಲ ದೂರದಲ್ಲಿ ಶುಭ್ರ ದಾರದಿಂದ ಕಟ್ಟಿ, ಅದರ ಕೆಳಗೆ ಹೊಸ ಬ್ಲೇಡಿನಿಂದ ಕತ್ತರಿಸಿ ಟಿಂಚರ್ ಅಯೋಡಿನ್ ಹಚ್ಚಬೇಕು. ಸಗಣಿ, ಬೂದಿ, ಮಣ್ಣು ಹಚ್ಚಿದರೆ ಹೊಕ್ಕುಳು ಕೀವುಗಟ್ಟುವ, ಧನುರ್ವಾಯು ತಗಲುವ ಅಪಾಯವಿದೆ.

ಹಸುವಿನ ಆರೈಕೆ

ಹಸುವಿಗೆ ಬೆಚ್ಚಗಿನ ನೀರು ಮತ್ತು ಸುಲಭವಾಗಿ ಜೀರ್ಣವಾಗುವ ಮೇವು ನೀಡಬೇಕು. ಕಸವನ್ನು ಕೈಯಿಂದ ಎಳೆಯುವುದಾಗಲಿ, ಅದಕ್ಕೆ ಕಲ್ಲು ಕಟ್ಟುವುದಾಗಲಿ ಸಲ್ಲದು. 12 ಗಂಟೆ ಕಳೆದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಸಬೇಕು. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಮೊದಲ ಮೂರು ದಿನ ಹಾಲು ಜ್ವರದ ಸಂಭವವಿರುತ್ತದೆ. ಹೆಸರು ಜ್ವರವೆಂದಿದ್ದರೂ ಮೈ ಬಿಸಿಯಾಗುವುದಿಲ್ಲ; ಕಿವಿ ತಣ್ಣಗಾಗಿ, ಹಸು ಮೇಲೇಳಲಾರದೆ ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದೇ ಇದಕ್ಕೆ ಕಾರಣ. ಪಶುವೈದ್ಯರು ರಕ್ತನಾಳದ ಮೂಲಕ ಕ್ಯಾಲ್ಸಿಯಂ ನೀಡಿದರೆ ಚೇತರಿಕೆ ಶೀಘ್ರ. ಮಲಗಿದ ಹಸುವಿನ ಬಾಯಿಗೆ ಔಷಧ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಕಸದ ವಿಲೇವಾರಿ

ಕಸವನ್ನು ಆಲದ ಮರಕ್ಕೆ ಕಟ್ಟುವ ಅಥವಾ ನಾಯಿಗಳ ಪಾಲಿಗೆ ಬಿಡುವ ರೂಢಿಯನ್ನು ಕೈಬಿಡಬೇಕು. ಹಸುವಿಗೆ ಬ್ರುಸೆಲ್ಲಾ ಸೋಂಕಿದ್ದರೆ ಅದು ಕಸದ ಮೂಲಕ ಇತರ ಜಾನುವಾರುಗಳಿಗೂ ಮನುಷ್ಯರಿಗೂ ಹರಡುತ್ತದೆ. ಕೈಗವಸು ಧರಿಸಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಗರ್ಭಿಣಿಯರು ಇದನ್ನು ಮುಟ್ಟಬಾರದು.

ಸದಸ್ಯರ ಪಾತ್ರ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಶುಸಂಗೋಪನೆ ಪಂಚಾಯಿತಿಗಳ ವಿಷಯಗಳಲ್ಲೊಂದಾಗಿದೆ. ಸದಸ್ಯರು ತಮ್ಮ ವಾರ್ಡಿನಲ್ಲಿ ಈ ಕೆಳಗಿನ ಕಾರ್ಯಗಳನ್ನು ಕೈಗೊಳ್ಳಬಹುದು:

1. ಪಶು ಚಿಕಿತ್ಸೆಯ ಸಹಾಯವಾಣಿ 1962 ಸಂಖ್ಯೆಯನ್ನು ಪಂಚಾಯಿತಿ ಕಚೇರಿಯಲ್ಲೂ ಹಾಲಿನ ಡೇರಿಯಲ್ಲೂ ಬರೆಸುವುದು.

2. ಗಬ್ಬದ ಹಸುವಿರುವ ಮನೆಗಳಿಗೆ ಪಶು ಸಖಿಯರ ಮೂಲಕ ಗಿಣ್ಣು ಹಾಲಿನ ವಿಷಯವನ್ನು ಮೊದಲೇ ತಲುಪಿಸುವುದು.

3. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕಿಸಲು ಪಶು ಆಸ್ಪತ್ರೆಯೊಡನೆ ಸಹಕರಿಸುವುದು.

4. ಪಂಚಾಯಿತಿಯ ಮೂಲಕ ನಿರ್ಮಾಣವಾಗುವ ದನದ ಕೊಟ್ಟಿಗೆಗಳ ನೆಲಕ್ಕೆ ಐದು ಅಡಿಗೆ ಒಂದರಿಂದ ಒಂದೂವರೆ ಅಂಗುಲ ಇಳಿಜಾರು ಇರುವುದನ್ನು ಪರಿಶೀಲಿಸುವುದು. ಗಂಜಲ ನಿಲ್ಲದ ಒಣ ನೆಲವೇ ಎಳೆಗರುವಿಗೂ ಬಾಣಂತಿ ಹಸುವಿಗೂ ಮೊದಲ ರಕ್ಷಣೆ.

ಮುಂದಿನ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಹೈನುಗಾರರ ಗಮನಕ್ಕೆ ತರುವುದು ಅಪೇಕ್ಷಣೀಯ.