ಹಗುರ ಚಕ್ರ, ಬೇಸಿಗೆಯ ಹೊಳೆ

ಎಪ್ರಿಲ್ ಹೊತ್ತಿಗೆ ಸುಳ್ಯ ತಾಲೂಕಿನ ಕಲ್ಲುಗುಂಡಿಯಲ್ಲಿ ಪಯಸ್ವಿನಿ ಹೊಳೆ ಸೊರಗುತ್ತದೆ. ಕಲ್ಲು, ಮರಳು ಮೇಲೆದ್ದು ನಡುನಡುವೆ ಗುಂಡಿಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ಮಳೆಗಾಲದಲ್ಲಿ ಯಾರೂ ಕಾಲಿಡಲಾರದ ಜಾಗ ಎರಡು ಮೂರು ತಿಂಗಳ ಮಟ್ಟಿಗೆ ಗಾಡಿ ಓಡಿಸಬಹುದಾದ ನೆಲವಾಗುತ್ತದೆ. ಘಟ್ಟದ ಬುಡದ ಹೊಳೆಗಳಿಗೆ ತೊಳೆಯಲೆಂದು ಜೀಪು, ಮರಳಿಗೆಂದು ಟಿಪ್ಪರ್ ಇಳಿಯುವುದು ಹಳೆಯ ಸಂಗತಿ. ಮೋಜಿಗೆಂದು ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ವಾಹನ ಇಳಿಸುವುದು ಹೊಸದು. ಋತು ಬದಲಾದಾಗ ನೀರೇ ನೆಲವಾಗುವ ಈ ಸ್ಥಿತಿಯ ಬಗ್ಗೆ ಶೀತದೇಶಗಳು ನಮಗಿಂತ ಮೊದಲೇ ತಲೆಕೆಡಿಸಿಕೊಂಡಿವೆ, ಏಕೆಂದರೆ ಅಲ್ಲಿ ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟಿ ಬಯಲಾಗುತ್ತವೆ. ಆ ಬಯಲಿನಲ್ಲಿ ಹಿಮದ ಮೇಲೆ ಜಾರುವ ಸ್ನೋಮೊಬೈಲ್ ಮತ್ತು ಎಂಥ ನೆಲದಲ್ಲೂ ಓಡುವ ಪುಟ್ಟ ಗಾಡಿಯಾದ ಎಟಿವಿ ಓಡಿಸಲು ಅವರು ಬರೆದುಕೊಂಡ ನಿಯಮಗಳನ್ನು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ: ನಿಯಮ ಗಾಡಿಯ ತೂಕವನ್ನು ಹಿಡಿದು ನಿಂತಿಲ್ಲ, ಜಾಗವನ್ನು ಹಿಡಿದು ನಿಂತಿದೆ. ನಮ್ಮ ಹೊಳೆಗಳಿಗೂ ಬೇಕಾದದ್ದು ಅಂಥದೇ ನಿಯಮ ಎಂಬುದು ಈ ಲೇಖನದ ವಾದ.

ಮೊದಲು ಯಂತ್ರವನ್ನು ನೋಡೋಣ. ಗಾಡಿ ನೆಲವನ್ನು ಎಷ್ಟು ಒತ್ತುತ್ತದೆ ಎಂಬುದನ್ನು ತೀರ್ಮಾನಿಸುವುದು ಬರಿಯ ತೂಕವಲ್ಲ, ಆ ತೂಕ ಎಷ್ಟು ವಿಸ್ತಾರಕ್ಕೆ ಹಂಚಿಹೋಗುತ್ತದೆ ಎಂಬುದು. ಟಯರಿನ ಮಟ್ಟಿಗೆ ಲೆಕ್ಕ ಸುಲಭ: ಒಳಗಿನ ಗಾಳಿಯ ಒತ್ತಡ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಒತ್ತಡ ನೆಲದ ಮೇಲೆ ಬೀಳುತ್ತದೆ. ಗಾಳಿ ಹಾಕುವ ಅಂಗಡಿಯಲ್ಲಿ ಜೀಪಿಗೆ 30 ಪೌಂಡು ಹಾಕಿಸಿದರೆ ನೆಲದ ಪ್ರತಿ ಚದರ ಇಂಚಿನ ಮೇಲೂ ಸುಮಾರು ಅಷ್ಟು ಭಾರ ಬಿದ್ದಂತೆ. ಎಟಿವಿಯ ಉಬ್ಬಿದ ಮೆತ್ತನೆಯ ಟಯರಿಗೆ ಐದಾರು ಪೌಂಡು ಸಾಕು. ಮುಂದೆ ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿಯ ಮೇಲೆ ಜಾರುವ ಸ್ನೋಮೊಬೈಲ್ ಒತ್ತುವುದು ಸುಮಾರು ಅರ್ಧ ಪೌಂಡು ಮಾತ್ರ. ನಡೆಯುವ ಮನುಷ್ಯನ ಪಾದ ಅದರ ಹತ್ತು ಪಾಲು ಒತ್ತುತ್ತದೆ. ನಾವು ಹೂತುಹೋಗುವ ಹಿಮದ ಮೇಲೆ ಆ ಯಂತ್ರ ಹಾಯಾಗಿ ಓಡುವುದು ಇದೇ ಕಾರಣಕ್ಕೆ. ಇದನ್ನೇ ಮುಂದಿಟ್ಟು, ಇಷ್ಟು ಹಗುರವಾದ ಗಾಡಿಯಿಂದ ಏನು ಹಾನಿ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ, ಆದರೆ ಅದಕ್ಕೆ ಸಿಕ್ಕಿರುವ ಉತ್ತರ ಅವರ ಪರವಾಗಿಲ್ಲ. ಹಿಮದ ಹಾಸಿಗೂ ನೆಲಕ್ಕೂ ನಡುವೆ ಇರುವ ಬೆಚ್ಚನೆಯ ಸಂದಿಯಲ್ಲಿ ಇಲಿ, ಮೂಗಿಲಿಯಂಥ ಪುಟ್ಟ ಪ್ರಾಣಿಗಳು ಚಳಿಗಾಲ ಕಳೆಯುತ್ತವೆ. ಸ್ನೋಮೊಬೈಲ್ ಓಡಿ ಹಿಮ ಗಟ್ಟಿಯಾದರೆ ಸಂದಿ ಮುಚ್ಚಿಹೋಗುತ್ತದೆ, ಕೆಳಕ್ಕೆ ಚಳಿ ಇಳಿಯುತ್ತದೆ. ಅಂಥ ಕಡೆ ಈ ಪ್ರಾಣಿಗಳು ಹೆಚ್ಚು ಸಾಯುತ್ತವೆ ಎಂದು ಅಮೆರಿಕದ ಮಿನೆಸೋಟಾದಲ್ಲಿ ನಡೆದ ಅಧ್ಯಯನವೊಂದು 1971ರಲ್ಲೇ ತೋರಿಸಿತು. ಅರ್ಧ ಪೌಂಡಿನ ಒತ್ತಡವೂ ಜೀವ ತೆಗೆಯಬಲ್ಲದು. ಕೆಳಗೆ ಯಾರಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ.

ಇನ್ನೂ ಮುಖ್ಯವಾದದ್ದು ಬೇರೆ ಇದೆ. ಭಾರದ ಲಾರಿ ಕೆಸರಿನಲ್ಲಿ ಹೂತು ನಿಲ್ಲುತ್ತದೆ, ಆದ್ದರಿಂದ ಅದರ ಹಾನಿಗೆ ತಾನಾಗಿ ಒಂದು ಗಡಿ ಬೀಳುತ್ತದೆ. ಹಗುರ ಗಾಡಿಗೆ ಆ ಗಡಿಯಿಲ್ಲ. ಅದು ಹುಲ್ಲುಗಾವಲಿಗೂ ಹೋಗುತ್ತದೆ, ತೊರೆಯನ್ನೂ ಹತ್ತುತ್ತದೆ. ಒತ್ತಡ ಕಡಿಮೆಯಾದಷ್ಟೂ ಅದು ತಲುಪುವ ಜಾಗ ಹೆಚ್ಚಾಗುತ್ತದೆ. ಮೇಲಾಗಿ ಚಕ್ರ ಒತ್ತುವುದಷ್ಟೇ ಅಲ್ಲ, ಕೆರೆಯುತ್ತದೆ ಕೂಡ. ಏರಿನಲ್ಲಿ ಗಾಡಿ ಮುಂದೆ ಹೋಗುವ ವೇಗಕ್ಕಿಂತ ಚಕ್ರ ತಿರುಗುವ ವೇಗ ಹೆಚ್ಚಾದಾಗ ಟಯರಿನ ಗುಬುಟುಗಳು ಬೇರಿನ ಹಾಸನ್ನು ಕಿತ್ತು ಹಿಂದಕ್ಕೆ ಎಸೆಯುತ್ತವೆ. ಮಣ್ಣು ಗಟ್ಟಿಯಾಗುವುದರಲ್ಲಿ ದೊಡ್ಡ ಪಾಲು ಮೊದಲ ಕೆಲವು ಸಲದ ಓಡಾಟದಲ್ಲೇ ಮುಗಿದಿರುತ್ತದೆ ಎಂಬುದು ಮಣ್ಣಿನ ವಿಜ್ಞಾನದಲ್ಲಿ ಹಲವು ಬಾರಿ ಕಂಡ ಸಂಗತಿ. ಅಂದರೆ ಒಂದೇ ದಾರಿಯಲ್ಲಿ ನೂರು ಗಾಡಿ ಹೋಗುವುದಕ್ಕಿಂತ ನೂರು ದಾರಿಯಲ್ಲಿ ಒಂದೊಂದು ಗಾಡಿ ಹೋಗುವುದು ಹೆಚ್ಚು ಕೆಡುಕು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಇಳಿಜಾರಿನ ಮೇಲೆ ಬಿದ್ದ ಚಕ್ರದ ಜಾಡು ಜೂನ್ ಬಂದೊಡನೆ ನೀರಿನ ದಾರಿಯಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿಯಮಕ್ಕೆ ಮಹತ್ವ ಬರುವುದು ಇಲ್ಲಿ. ಅಲ್ಲಿ ಸ್ನೋಮೊಬೈಲ್ ಓಡಿಸುವುದು ನಿಷಿದ್ಧ. ಗುರುತು ಮಾಡಿ ತೆರೆದ ಜಾಗ ಮಾತ್ರ ಅದಕ್ಕೆ ಹೊರತು. ತೆರೆಯಬಹುದಾದ ಜಾಗವಾದರೂ ಯಾವುದು? ಬೇರೆ ಋತುಗಳಲ್ಲಿ ಮೋಟಾರು ವಾಹನ ಓಡುವ ದಾರಿ, ಮೋಟಾರು ದೋಣಿ ಓಡುವ ನೀರು. ಕೆನಡಾದ ಗಡಿಯಲ್ಲಿರುವ ವಾಯೇಜರ್ಸ್ ಉದ್ಯಾನದ ಹೆಪ್ಪುಗಟ್ಟಿದ ಸರೋವರಗಳ ಮೇಲೆ ಚಳಿಗಾಲದ ಓಡಾಟ ನಡೆಯುವುದು ಇದೇ ತರ್ಕದ ಮೇಲೆ. ಅಮೆರಿಕದ ಅರಣ್ಯ ಸೇವೆಯೂ 2005ರಲ್ಲಿ ಇದೇ ಕಡೆಗೆ ಹೊರಳಿ, ನಕ್ಷೆಯಲ್ಲಿ ತೋರಿಸಿದ ರಸ್ತೆ, ಜಾಡು, ಜಾಗಗಳ ಹೊರಗೆ ಮೋಟಾರು ವಾಹನ ಹೋಗಬಾರದೆಂದಿತು. ಮುಚ್ಚಿದ ಕಡೆ ಬಿಟ್ಟು ಎಲ್ಲವೂ ತೆರೆದಿದೆ ಎಂಬುದು ಹಳೆಯ ಕ್ರಮ, ತೆರೆದ ಕಡೆ ಬಿಟ್ಟು ಎಲ್ಲವೂ ಮುಚ್ಚಿದೆ ಎಂಬುದು ಹೊಸದು. ಮಂಜುಗಡ್ಡೆಯ ದಪ್ಪದ ಮಾತು ಬೇರೆ: ನಡೆಯಲು 4 ಇಂಚು, ಸ್ನೋಮೊಬೈಲಿಗೆ 5ರಿಂದ 7 ಇಂಚು ಇರಲಿ ಎಂದು ಮಿನೆಸೋಟಾದ ಇಲಾಖೆ ಹೇಳುವುದು ಸವಾರನ ಜೀವ ಉಳಿಸಲು. ಸರೋವರವನ್ನು ಉಳಿಸುವುದು ಜಾಗದ ನಿಯಮವೇ.

ಇದನ್ನು ಪಯಸ್ವಿನಿಗೆ ತಂದರೆ ಮೊದಲ ಆಕ್ಷೇಪ ತಕ್ಷಣ ಬರುತ್ತದೆ, ಅದು ಹಗುರವಾದ ಆಕ್ಷೇಪವೂ ಅಲ್ಲ. 2022ರ ಆಗಸ್ಟ್ ಆರಂಭದಲ್ಲಿ ಈ ಹೊಳೆ ಕಲ್ಲುಗುಂಡಿ ಪೇಟೆಗೇ ನುಗ್ಗಿತು. 2018ರಲ್ಲಿ ಮೇಲಿನ ಜೋಡುಪಾಲದ ಕಡೆ ಗುಡ್ಡಗಳೇ ಜರಿದು ಬಂದವು. ಬಂಡೆ ಉರುಳಿಸುವ ಹೊಳೆಗೆ ಒಂದು ಜೀಪಿನ ಚಕ್ರ ಯಾವ ಲೆಕ್ಕ? ಬಲದ ಲೆಕ್ಕದಲ್ಲಿ ಯಾವ ಲೆಕ್ಕವೂ ಅಲ್ಲ, ನಿಜ. ಕಾಲದ ಲೆಕ್ಕದಲ್ಲಿ ಮಾತ್ರ ಅದು ದೊಡ್ಡದು. ನೆರೆ ಬರುವಾಗ ಹೂಳನ್ನು ಹೊತ್ತೊಯ್ಯಲು ನೀರೂ ಇರುತ್ತದೆ. ಮೀನು ಬದಿಗೆ ಸರಿಯಲು ಜಾಗವೂ ಇರುತ್ತದೆ. ಘಟ್ಟದ ಜಲಚರಗಳ ಬದುಕು ಸಾವಿರಾರು ಮಳೆಗಾಲಗಳಿಗೆ ಒಗ್ಗಿಕೊಂಡದ್ದು. ಎಪ್ರಿಲ್‌ನಲ್ಲಿ ಹರಿವು ನಿಂತಿರುತ್ತದೆ. ಉಳಿದ ಗುಂಡಿಗಳಲ್ಲಿ ಇಡೀ ಹೊಳೆಯ ಮೀನು ಒತ್ತೊತ್ತಾಗಿ ಸೇರಿರುತ್ತವೆ, ಬೆಚ್ಚಗಾದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಆಗ ಕಲಕಿದ ಕೆಸರು ಎಲ್ಲಿಗೂ ಹೋಗದು: ಮೀನಿನ ಕಿವಿರಿಗೆ ಕೂರುತ್ತದೆ, ಕಲ್ಲುಗಳ ಸಂದಿ ತುಂಬುತ್ತದೆ. ಆ ಸಂದಿಗಳಲ್ಲೇ ಏರೋಪ್ಲೇನ್ ಚಿಟ್ಟೆಯ ಮರಿ, ಮೀನಿಗೆ ಆಹಾರವಾಗುವ ಇತರ ಹುಳಗಳು ಬೆಳೆಯುವುದು. ಸೋರಿದ ಎಣ್ಣೆ, ತೊಳೆದ ಸೋಪಿನ ನೀರು ಕೂಡ ಅಲ್ಲೇ ನಿಲ್ಲುತ್ತವೆ. ಇದೇ ತಾಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಬಳಿ ದೇವರ ಮೀನುಗಳನ್ನು ಯಾರೂ ಹಿಡಿಯದೆ ಕಾಪಾಡಿಕೊಂಡು ಬಂದಿದ್ದಾರೆ. ಆ ಮಹಶೀರ್ ಜಾತಿಯ ಮೀನಿಗೆ ತಿಳಿನೀರು ಬೇಕು. ಪಯಸ್ವಿನಿಯ ನೀರು ಮನುಷ್ಯರಿಗೂ ಬೇಕು: ಹೊಳೆ ಸುಳ್ಯ ಪೇಟೆಗೆ ಕುಡಿಯಲು ನೀರು ಕೊಟ್ಟು, ಗಡಿ ದಾಟಿ ಚಂದ್ರಗಿರಿಯಾಗಿ ಕಾಸರಗೋಡಿಗೂ ಬಾವಿಕ್ಕೆರೆಯಲ್ಲಿ ನೀರು ಕೊಡುತ್ತದೆ.

ಎರಡನೆಯ ಆಕ್ಷೇಪ ಅಗತ್ಯದ್ದು, ಅದಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಸೇತುವೆಯಿಲ್ಲದ ಕಡೆ ರೋಗಿಯನ್ನು ಸುಳ್ಯಕ್ಕೆ ಮುಟ್ಟಿಸುವುದು ಜೀಪು, ಅಡಿಕೆ ಹೊರುವುದೂ ಅದೇ. ಸ್ನೋಮೊಬೈಲಿನ ಹುಟ್ಟಿನ ಹಿಂದೆಯೂ ಇಂಥದೇ ನೋವಿದೆ. ಕ್ವಿಬೆಕ್‌ನ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೆಯ ಮಗ 1934ರ ಚಳಿಗಾಲದಲ್ಲಿ, ಹಿಮದಿಂದ ದಾರಿ ಕಟ್ಟಿ ಆಸ್ಪತ್ರೆ ಮುಟ್ಟಲಾಗದೆ ತೀರಿಕೊಂಡ. 1937ರಲ್ಲಿ ಬೊಂಬಾರ್ಡಿಯೆ ತನ್ನ ಹಿಮವಾಹನಕ್ಕೆ ಪೇಟೆಂಟ್ ಪಡೆದ; ಮೋಜಿನ ಸವಾರಿಗೆ ಹೆಸರಾದ ಸ್ಕಿ-ಡೂ ಬಂದದ್ದು 1959ರಲ್ಲಿ. ಅಗತ್ಯವನ್ನೂ ಮೋಜನ್ನೂ ಬೇರೆಬೇರೆಯಾಗಿ ಕಾಣುವ ನಿಯಮ ಅಸಾಧ್ಯವಲ್ಲ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದ್ದರೂ ಆಂಬ್ಯುಲೆನ್ಸಿಗೆ ದಾರಿಯಿದೆ. ಜನ ಹಿಂದಿನಿಂದ ಹೊಳೆ ದಾಟುತ್ತಿದ್ದ ಜಾಗಗಳನ್ನೇ ಗುರುತಿಸಿ, ಅಲ್ಲಿ ಮಾತ್ರ ಅಡ್ಡ ದಾಟಲು ಬಿಟ್ಟು, ಹೊಳೆಯುದ್ದಕ್ಕೂ ಓಡುವುದನ್ನು ನಿಲ್ಲಿಸಿದರೆ ಯಾವ ಮನೆಗೂ ದಾರಿ ತಪ್ಪುವುದಿಲ್ಲ.

ಕಾಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಕಾಯ್ದೆ ಅನುಮತಿಯಿಲ್ಲದ ಪ್ರವೇಶವನ್ನೇ ತಡೆಯುತ್ತದೆ. ಪುಷ್ಪಗಿರಿಯಂಥ ಅಭಯಾರಣ್ಯಕ್ಕೆ ಅದು ಸಾಕು. ತೋಟಗಳ ನಡುವೆ ಹರಿಯುವ ಹೊಳೆಗೆ ಆ ರಕ್ಷಣೆಯಿಲ್ಲ. ಆದರೆ ಗಾಡಿ ಹೊಳೆಗಿಳಿಯಲು ದರೆ ತಗ್ಗಾದ ಜಾಗ ಬೇಕು, ಅಂಥವು ಎಲ್ಲೆಲ್ಲಿವೆ ಎಂದು ಊರಿಗೆ ಗೊತ್ತು. ಅಲ್ಲಿ ನಾಲ್ಕು ಕಲ್ಲುಕಂಬ ಹೂಳಿದರೆ ಕಾವಲುಗಾರನ ಕೆಲಸ ಅರ್ಧ ಮುಗಿಯಿತು. ಜೈವಿಕ ವೈವಿಧ್ಯ ಕಾಯ್ದೆ, 2002ರ ಪ್ರಕಾರ ಪಂಚಾಯತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ದಾಟುವ ಜಾಗಗಳ ಪಟ್ಟಿ ಮಾಡುವ ಕೆಲಸ ಆ ಸಮಿತಿಯದಾಗಲಿ. ಮಳೆ ನಿಂತ ಮೇಲೆ ಹೊಳೆಗೆ ಕಟ್ಟ ಹಾಕಲು ಕೃಷಿಕರು ಹೇಗೂ ಒಟ್ಟು ಸೇರುತ್ತಾರೆ. ಯಾವ ಗುಂಡಿಯಲ್ಲಿ ಮೇ ತನಕ ನೀರು ನಿಲ್ಲುತ್ತದೆ, ಎಲ್ಲಿ ಮೀನು ಸೇರುತ್ತವೆ ಎಂದು ಸಮಿತಿಗೆ ಹೇಳಬಲ್ಲವರು ಅವರೇ.