ಹುರುಳಿಕಾಯಿಯ ಬೇರೂ ಗಾಳಿಯ ಗೊಬ್ಬರವೂ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೆಂಬುದನ್ನು ಶ್ರೋತೃಗಳು ಬಲ್ಲರು. ಪೈರಿಗೆ ಬೇಕಾದ ಮುಖ್ಯ ಆಹಾರಗಳಲ್ಲಿ ಸಾರಜನಕವೂ ಒಂದು. ಹೀಗಿದ್ದರೂ ಈ ಸಾರಜನಕಸಾಗರದ ತಳದಲ್ಲಿಯೇ ನಿಂತ ಪೈರು ಅದಿಲ್ಲದೆ ಹಳದಿಗಟ್ಟಿ ಸೊರಗುವುದುಂಟು. ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಎರಡೆರಡಾಗಿ, ಮೂರು ಬಂಧಗಳಿಂದ ಬಿಗಿದುಕೊಂಡಿರುವುದೇ ಇದಕ್ಕೆ ಕಾರಣ. ಆ ಬಿಗಿತವನ್ನು ತಾನಾಗಿ ಬಿಡಿಸುವ ಶಕ್ತಿ ಗಿಡಕ್ಕಿಲ್ಲ. ಬಿಡಿಸಿಕೊಡುವವರು ಮುಖ್ಯವಾಗಿ ಇಬ್ಬರು: ಗೊಬ್ಬರದ ಕಾರ್ಖಾನೆ ಒಂದು, ಮಣ್ಣಿನ ಕೆಲವು ಸೂಕ್ಷ್ಮಾಣುಜೀವಿಗಳು ಮತ್ತೊಂದು. ಹುರುಳಿಕಾಯಿಯ ಬೆಳೆಗಾರನು ಇವರಲ್ಲಿ ಯಾರನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ಇಂದಿನ ವಿಷಯ. ಹುರುಳಿಕಾಯಿಯೆಂದರೆ ಪೇಟೆಯಲ್ಲಿ ಬೀನ್ಸ್ ಎಂದು ಮಾರುವ ಎಳೆಗಾಯಿಯೇ ಹೊರತು ಕುದುರೆಗೆ ಹಾಕುವ ಹುರುಳಿಯಲ್ಲ. ಇದೇ ಜಾತಿಯ ಒಣಕಾಳನ್ನು ರಾಜ್ಮಾ ಎನ್ನುವರು.

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಸಿಕ್ಕುತ್ತದೆ. 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿರುವುದು ಇಲ್ಲಿಯೇ. ಈ ಸೀಮೆಯ ಮಸಾರಿ ಮತ್ತು ಎರೆ ಭೂಮಿಗಳಿಗೆ ಶೇಂಗಾ, ಹೆಸರು, ಅಲಸಂದಿ, ತೊಗರಿಗಳು ಹಳೆಯ ಪರಿಚಿತರು. ಕಾಳಿನ ಬೆಳೆ ತೆಗೆದ ಹೊಲದಲ್ಲಿ ಮುಂದಿನ ಜೋಳ ಹುಲುಸಾಗಿ ಬರುವುದೆಂದು ಒಕ್ಕಲುಮಕ್ಕಳು ಬಹು ಹಿಂದಿನಿಂದ ಬಲ್ಲರು. ಅದರ ಕಾರಣವನ್ನು 1886ರಲ್ಲಿ ಬಯಲಿಗಿಟ್ಟವರು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್. ಸಾರಜನಕವಿಲ್ಲದ, ಕಾಯಿಸಿ ಶುದ್ಧಮಾಡಿದ ಮರಳಿನಲ್ಲಿ ಬಟಾಣಿಯನ್ನು ಬೆಳೆಸಿದರೆ ಅದು ಬಡಕಲಾಯಿತು; ಅದೇ ಮರಳಿಗೆ ಹೊಲದ ಮಣ್ಣನ್ನು ಕದಡಿದ ತಿಳಿನೀರನ್ನು ಕೊಂಚ ಹೊಯ್ದರೆ ಬೇರಿನಲ್ಲಿ ಗಂಟುಗಳು ಮೂಡಿ ಗಿಡ ಚಿಗುರಿತು. ಓಟ್ಸ್ ಧಾನ್ಯಕ್ಕೆ ಆ ನೀರಿನಿಂದ ಇಂಥ ಉಪಕಾರವಾಗಲಿಲ್ಲ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಗಂಟುಗಳೊಳಗಿನ ಜೀವಿಯನ್ನು ಬೇರ್ಪಡಿಸಿ ಬೆಳೆಸಿದನು. ಇದಕ್ಕೆ ರೈಜೋಬಿಯಂ, ಅಂದರೆ ಬೇರಿನಲ್ಲಿ ಬಾಳುವುದು, ಎಂದು ಹೆಸರಾಯಿತು.

ಈ ಬಾಳುವೆ ಕೊಡುಕೊಳ್ಳುವ ವ್ಯವಹಾರ. ಗಿಡವು ಎಲೆಯಲ್ಲಿ ಮಾಡಿದ ಸಕ್ಕರೆಯಿಂದ ಜೀವಿಯನ್ನು ಸಾಕುತ್ತದೆ. ಜೀವಿಯು ಗಾಳಿಯ ಸಾರಜನಕವನ್ನು ಅಮೋನಿಯವಾಗಿಸಿ ಗಿಡಕ್ಕೆ ಸಲ್ಲಿಸುತ್ತದೆ. ಗಿಡಕ್ಕೆ ಇದು ದುಬಾರಿಯ ವ್ಯಾಪಾರ. ಆದಕಾರಣ ಮಣ್ಣಿನಲ್ಲಿ ನೈಟ್ರೇಟು ಧಾರಾಳವಾಗಿದ್ದರೆ ಗಿಡವು ಗಂಟು ಕಟ್ಟುವುದನ್ನೇ ತಡೆಯುತ್ತದೆ. ಮೂಡಿದ ಗಂಟುಗಳೂ ಕೆಲಸ ನಿಲ್ಲಿಸುತ್ತವೆ. ಬೀಜಕ್ಕೆ ಜೀವಿಯನ್ನು ಲೇಪಿಸಿ, ಮೇಲೆ ಯೂರಿಯಾವನ್ನೂ ತುಂಬಿ ಸುರಿಯುವವನು ಒಂದು ಕೈಯಿಂದ ಕೊಟ್ಟದ್ದನ್ನು ಮತ್ತೊಂದು ಕೈಯಿಂದ ಕಿತ್ತುಕೊಂಡಂತೆ.

ಕಾಳಿನ ಗಿಡವೆಲ್ಲ ತನ್ನ ಅನ್ನವನ್ನು ತಾನೇ ದುಡಿದುಕೊಳ್ಳುವುದೆಂಬ ನಂಬಿಕೆ ಹುರುಳಿಕಾಯಿಯ ವಿಷಯದಲ್ಲಿ ಪೂರ್ತಿ ಸಲ್ಲದು. ಇದು ಅಮೆರಿಕ ಖಂಡದಿಂದ ಬಂದ ಬೆಳೆ. ಅದಕ್ಕೆ ಚೆನ್ನಾಗಿ ಒಗ್ಗಿದ ಜೀವಿಗಳು ಎಲ್ಲ ಮಣ್ಣಿನಲ್ಲಿಯೂ ಇರುವುದಿಲ್ಲ. ಅಲ್ಲದೆ ಇದು ಬಂದವರಿಗೆಲ್ಲ ಬಾಗಿಲು ತೆರೆಯುವ ಸ್ವಭಾವದ್ದು. ಹೊಲದಲ್ಲಿ ಮೊದಲೇ ನೆಲೆಸಿರುವ ಸೋಮಾರಿ ಜೀವಿಗಳು ಬೇರನ್ನು ಆಕ್ರಮಿಸಿಕೊಂಡರೆ ಹೊರಗಿನಿಂದ ತಂದ ದುಡಿಮೆಗಾರರಿಗೆ ಎಡೆಯಿಲ್ಲದಂತಾಗುತ್ತದೆ. ಆಯುಷ್ಯವೂ ಕಿರಿದು: ಗಂಟು ಕೂಡಿ ಕೆಲಸಕ್ಕೆ ತೊಡಗಲು ಎರಡು ಮೂರು ವಾರ ಬೇಕು, ಎಳೆಗಾಯಿಯ ಕೊಯ್ಲು ಎರಡು ತಿಂಗಳೊಳಗೇ ಆರಂಭವಾಗುತ್ತದೆ. ಬಿಸಿಲು, ನೀರಿನ ಕೊರತೆ, ರಂಜಕದ ಅಭಾವ, ಹುಳಿಮಣ್ಣು, ಇವೂ ಗಂಟಿಗೆ ಹಗೆಗಳೇ. ಉತ್ತರ ಹಿಂದೂಸ್ತಾನದ ಬಯಲಿನಲ್ಲಿ ರಾಜ್ಮಾಕ್ಕೆ ಗಂಟುಗಳು ಸರಿಯಾಗಿ ಕೂಡದಿರುವುದರಿಂದ ಹೆಕ್ಟೇರಿಗೆ 100ರಿಂದ 120 ಕಿಲೋಗ್ರಾಂ ಸಾರಜನಕವನ್ನು ಹಾಕುವ ಸಲಹೆಯಿದೆ. ಇತರ ಕಾಳುಗಳಿಗೆ ಸಾಮಾನ್ಯವಾಗಿ 20ರಿಂದ 25 ಕಿಲೋಗ್ರಾಂ ಸಾಕು. 45 ಕಿಲೋಗ್ರಾಮಿನ ಯೂರಿಯಾ ಚೀಲವೊಂದರಲ್ಲಿ ಸುಮಾರು 20 ಕಿಲೋಗ್ರಾಂ ಸಾರಜನಕವಿರುವುದರಿಂದ, ಒಂದಕ್ಕೆ ಒಂದು ಚೀಲವಾದರೆ ಇನ್ನೊಂದಕ್ಕೆ ಐದಾರು ಚೀಲವಾಯಿತು.

ಹಾಗಾದರೆ ಸೂಕ್ಷ್ಮಜೀವಿಯ ಪೊಟ್ಟಣ ವ್ಯರ್ಥವೇ? ಅಲ್ಲ. ಹೊಲಕ್ಕೆ ಹೊಸತಾದ ಬೆಳೆಯಲ್ಲಿ ಅದರ ಗುಣ ಎದ್ದು ಕಾಣುತ್ತದೆ. ಧಾರವಾಡ, ಹಾವೇರಿಗಳ ಕಡೆ ಈಗ ಬಹುವಾಗಿ ಬೆಳೆಯುವ ಸೋಯಾ ಇದಕ್ಕೆ ನಿದರ್ಶನ. ಅದರ ಜೀವಿಯೇ ಬೇರೆ, ಅದಿಲ್ಲದ ಮಣ್ಣಿಗೆ ಬೀಜದೊಡನೆಯೇ ಅದನ್ನು ಒಯ್ಯಬೇಕು. ಆದುದರಿಂದ ಶೇಂಗಾದ ಪೊಟ್ಟಣ ಹುರುಳಿಕಾಯಿಗೆ ಒದಗದು; ಬೆಳೆಯ ಹೆಸರನ್ನು ಓದಿ ಕೊಳ್ಳಬೇಕು. ದಕ್ಷಿಣ ಅಮೆರಿಕದಲ್ಲಿ ದೊರೆತು 1991ರಲ್ಲಿ ಪ್ರತ್ಯೇಕ ಜಾತಿಯೆಂದು ಹೆಸರಾದ ರೈಜೋಬಿಯಂ ಟ್ರಾಪಿಸಿ ಎಂಬುದು ಕಾವನ್ನೂ ಹುಳಿಯನ್ನೂ ತಾಳಬಲ್ಲದಾದ್ದರಿಂದ ಬ್ರೆಜಿಲಿನಲ್ಲಿ ಹುರುಳಿಕಾಯಿಯ ಬೀಜಕ್ಕೆ ಬಳಕೆಯಾಗಿದೆ.

ಪೊಟ್ಟಣದಲ್ಲಿರುವುದು ಜೀವವೆಂಬುದನ್ನು ಮರೆಯಲಾಗದು. ಅವಧಿ ಮೀರಿದ್ದು, ಬಿಸಿಲಿನಲ್ಲಿ ಬಿದ್ದದ್ದು ಬರಿಯ ಪುಡಿಯೇ ಸರಿ. ಬೆಲ್ಲದ ಪಾಕವನ್ನು ಆರಿಸಿ, ಪುಡಿಯನ್ನು ಅದರಲ್ಲಿ ಕಲಸಿ, ಬೀಜದ ಸಿಪ್ಪೆ ಒಡೆಯದಂತೆ ಹದವಾಗಿ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತಬೇಕು. ಶಿಲೀಂಧ್ರನಾಶಕವನ್ನು ಹಚ್ಚುವುದಿದ್ದರೆ ಅದು ಮೊದಲು; ಜೀವಿಯ ಲೇಪ ಕೊನೆಗೆ.

ಇಷ್ಟಾದ ಮೇಲೆ ಗೊಟಗೋಡಿಯ ಬಾವಿಯ ನೀರಿನಲ್ಲಿ ತರಕಾರಿ ಬೆಳೆಯುವವನಿಗೆ ಹೇಳಬಹುದಾದದ್ದೇನು? ಅವನು ತಿಪ್ಪೆಗೊಬ್ಬರವನ್ನೂ ರಂಜಕವನ್ನೂ ಕೊಟ್ಟು, ಆರಂಭಕ್ಕೆ ಸ್ವಲ್ಪವೇ ಸಾರಜನಕವನ್ನು ಹಾಕಲಿ. ಹೂಬಿಡುವ ಹೊತ್ತಿಗೆ ನಾಲ್ಕಾರು ಗಿಡಗಳನ್ನು ಕೀಳದೆ, ಮಣ್ಣುಸಹಿತ ಅಗೆದು ತೆಗೆದು, ಬೇರನ್ನು ನೀರಿನಲ್ಲಿ ಅದ್ದಿ ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಲಿ. ಒಳಗೆ ನಸುಗೆಂಪಾಗಿದ್ದರೆ ಜೀವಿ ದುಡಿಯುತ್ತಿದೆ. ಆ ಬಣ್ಣ ನಮ್ಮ ರಕ್ತದ ಕೆಂಪಿಗೆ ನಂಟಾದ ವಸ್ತುವಿನದು. ಒಳಗೆ ಬಿಳಿಯಾಗಿದ್ದರೆ, ಅಥವಾ ಗಂಟೇ ಇಲ್ಲದೆ ಎಲೆ ಹಳದಿಯಾಗುತ್ತಿದ್ದರೆ, ಆಗ ಯೂರಿಯಾವನ್ನು ಮೇಲುಗೊಬ್ಬರವಾಗಿ ಕೊಡುವುದು ವಿವೇಕ.

ಪಟ್ಟಣಿಗರಾದ ನಮಗೂ ಇದರಲ್ಲಿ ಪಾಲಿದೆ. ಯೂರಿಯಾದ ನಿಜಬೆಲೆಯ ಬಹುಭಾಗವನ್ನು ತೆರುವುದು ಸರ್ಕಾರದ ಬೊಕ್ಕಸ. ಪೈರು ಹೀರದೆ ಉಳಿದ ನೈಟ್ರೇಟು ಇಳಿಯುವುದು ಕುಡಿಯುವ ನೀರಿನ ಬಾವಿಗೆ. ಚೀಲವನ್ನು ಬಿಚ್ಚುವ ಮೊದಲು ಬೇರನ್ನು ನೋಡುವ ರೈತನು ತನ್ನ ಹಣದೊಡನೆ ನಮ್ಮದನ್ನೂ ಉಳಿಸುತ್ತಾನೆ.